ಸಾಬಮ್ಮನ ಮುಂಜಾನಿ ನೀರು

ಸಾಬಮ್ಮ ಹೊಸ ಕಾಂಕ್ರೀಟಿನ ಮೇಲೆ ಅಂಗೈ ಇಟ್ಟು, ಮಗುವಿಗೆ ಜ್ವರ ಬಂದಿದೆಯೇ ಎಂದು ನೋಡುವವಳ ಹಾಗೆ ಕಣ್ಣು ಮುಚ್ಚಿ ನಿಲ್ಲುತ್ತಿದ್ದಳು. ಅರ್ಧ ನಿಮಿಷ ಹಾಗೇ ನಿಂತು, ಕೈಯನ್ನು ಸೆರಗಿಗೆ ಒರೆಸಿಕೊಂಡು, "ಇದಕ್ಕ ನೀರಡಿಕಿ ಆಗೇತ್ರಿ ಬಾಯಾರ" ಎಂದೋ, "ಇದರ ಹೊಟ್ಟಿ ತುಂಬೇತಿ, ಆ ಮೂಲಿ ಕಂಬದ ಸುದ್ದಿ ನೋಡೂಣು" ಎಂದೋ ತೀರ್ಪು ಹೇಳುತ್ತಿದ್ದಳು. ಸ್ಲ್ಯಾಬು ಹಾಕಿದ ಮೇಲೆ ಅದು ಒಣಗಿ ಬಿರುಕು ಬಿಡದಂತೆ ಎರಡು ಮೂರು ವಾರ ದಿನಕ್ಕೆ ಮೂರು ಸಲ ನೀರು ಹೊಡೆಯಬೇಕು, ಕಂಬಗಳಿಗೆ ಗೋಣಿತಾಟು ಸುತ್ತಿ ತೋಯಿಸಬೇಕು. ನಮ್ಮ ಸೈಟಿನಲ್ಲಿ ಅದು ಸಾಬಮ್ಮನ ಕೆಲಸ. ನಾನು ಡಿಪ್ಲೊಮಾ ಓದಿ ಬಂದ ಸೈಟ್ ಇಂಜಿನಿಯರು, ಅವಳ ಬಾಯಲ್ಲಿ ಬಾಯಾರು, ಅಂದರೆ ಮೇಡಂ. ನನ್ನ ಪುಸ್ತಕದಲ್ಲಿ ಈ ವಿಷಯಕ್ಕೆ ಎರಡು ಪುಟ ಇದ್ದವು. "ಸ್ಲ್ಯಾಬ್ ಅಂದ್ರ ಬಾಣಂತಿ ಇದ್ದಂಗ್ರಿ. ಈಗ ಗಾಳಿ ಬಿಸಲಿಗೆ ಬಿಟ್ರ ಮುಂದ ವಯಸ್ಸಾದ ಮ್ಯಾಲ ಸೊಂಟ ಹಿಡಕೋತೈತಿ" ಎಂದು ಅವಳು ಒಂದೇ ಮಾತಿನಲ್ಲಿ ಮುಗಿಸಿದಳು. ಪುಸ್ತಕ ಮರೆತಿದ್ದೇನೆ, ಆ ಮಾತು ಮರೆತಿಲ್ಲ.

ಹೈದರಾಬಾದಿನ ಪಶ್ಚಿಮಕ್ಕೆ ಬಂಡೆಗಳನ್ನು ಸಿಡಿಸಿ ಗಾಜಿನ ಕಟ್ಟಡಗಳನ್ನು ಎಬ್ಬಿಸುತ್ತಿದ್ದ ಕಾಲ ಅದು. ಕಂಪ್ಯೂಟರ್ ಕಂಪನಿಗಳು ಬಂದವು, ಅಲ್ಲಿ ಕೆಲಸ ಮಾಡುವವರಿಗೆ ಮನೆಗಳು ಬೇಕಾದವು, ಮನೆ ಕಟ್ಟಲು ಶಹಾಪುರ, ಸುರಪುರ, ಯಾದಗಿರಿ ಕಡೆಯ ಜನ ಬೇಕಾದರು. ಅವರೆಲ್ಲ ಲಿಂಗಂಪಲ್ಲಿ ಸ್ಟೇಷನ್ನಿನಲ್ಲಿ ಗಂಟುಮೂಟೆ ಸಮೇತ ಇಳಿಯುತ್ತಿದ್ದರು. ಸಾಬಮ್ಮನೂ ಹಾಗೆ ಇಳಿದವಳು. ವಯಸ್ಸು ಐವತ್ತರ ಆಸುಪಾಸು. ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ, ತಲೆಗೆ ಟವೆಲು, ಮೂಗಿನಲ್ಲಿ ಮುಖಕ್ಕಿಂತ ದೊಡ್ಡದಾಗಿ ಕಾಣುವ ನತ್ತು. ಸಿಮೆಂಟು ತಿಂದು ಅವಳ ಹಿಮ್ಮಡಿಗಳು ಸೀಳಿದ್ದವು. ನಾಲ್ಕು ವರ್ಷ ಹೈದರಾಬಾದಿನಲ್ಲಿದ್ದರೂ ತೆಲುಗು ಕಲಿತಿರಲಿಲ್ಲ. "ಆ ಭಾಷಿ ಕಿವಿಯಾಗ ಹೋಗ್ತೈತ್ರಿ, ಬಾಯಾಗ ಬರವಲ್ದು" ಎನ್ನುತ್ತಿದ್ದಳು. ಸೂಪರ್‌ವೈಜರ್‌ಗಳು ತೆಲುಗಿನಲ್ಲಿ ಬೈದರೆ ಅವಳು ಕನ್ನಡದಲ್ಲಿ ಬೈಯುತ್ತಿದ್ದಳು. ಇಬ್ಬರಿಗೂ ಅರ್ಥವಾಗದ್ದರಿಂದ ಜಗಳ ಬೇಗ ಮುಗಿಯುತ್ತಿತ್ತು.

ನನ್ನ ಕನ್ನಡದ ಕಥೆಯನ್ನೂ ಇಲ್ಲೇ ಹೇಳಿಬಿಡಬೇಕು. ಯಾಕೆಂದರೆ ಎಲ್ಲ ಅನಾಹುತಕ್ಕೂ ಅದೇ ಮೂಲ. ಅಪ್ಪ ತುಮಕೂರು ಕಡೆಯವರು, ಇಲ್ಲಿನ ರಕ್ಷಣಾ ಇಲಾಖೆಯ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ನಾನು ಹುಟ್ಟಿದ್ದೇ ಇಲ್ಲಿನ ಕ್ವಾರ್ಟರ್ಸಿನಲ್ಲಿ. ಗೇಟಿನಾಚೆ ತೆಲುಗು, ಹಿಂದಿ. ಗೇಟಿನೊಳಗೆ ಅಮ್ಮನ ಕನ್ನಡ. ಸೈಟಿಗೆ ಸೇರಿದ ಮೊದಲ ದಿನ ಸಾಬಮ್ಮನಿಗೆ "ನಾಳೆ ಬೆಳಿಗ್ಗೆ ಸ್ವಲ್ಪ ಬೇಗ ಬನ್ನಿ" ಎಂದಾಗ ಅವಳು ಪೈಪು ಕೆಳಗೆ ಹಾಕಿ ನಕ್ಕಿದ್ದಳು. "ಯವ್ವಾ, ನೀವು ರೇಡಿಯೋದಾಗ ಮಾತಾಡಿದಂಗ ಮಾತಾಡ್ತೀರಲ್ರಿ!" ನಕ್ಕರೂ ಆಮೇಲೆ ಎಲ್ಲರೆದುರು ನನ್ನನ್ನು "ನಮ್ಮ ಭಾಷೇದಾಕಿ" ಎಂದು ತೋರಿಸುತ್ತ ತಿರುಗಿದಳು. ನನಗೂ ಒಳಗೊಳಗೇ ಹೆಮ್ಮೆಯಾಗಿತ್ತು.

ನಮ್ಮ ಕಟ್ಟಡಕ್ಕೂ ಪಕ್ಕದ ಕಟ್ಟಡಕ್ಕೂ ಹತ್ತಡಿ ಅಂತರ. ಅದು ಆಗಲೇ ಮುಗಿದು ಬಿಳಿ ಬಣ್ಣ ಬಳಿಸಿಕೊಂಡಿತ್ತು. ಅದರ ಮೂರನೇ ಮಹಡಿಯ ಹಿಂದಿನ ಬಾಲ್ಕನಿ ನಮ್ಮ ಮೂರನೇ ಸ್ಲ್ಯಾಬಿನ ಎದುರಿಗೇ ಇತ್ತು. ಆ ಮನೆಯಲ್ಲಿ ಗೋದಾವರಿ ಕಡೆಯ ಒಬ್ಬಳು ಹುಡುಗಿ ಗೆಳತಿಯೊಂದಿಗೆ ಬಾಡಿಗೆಗಿದ್ದಳು. ಅಮೆರಿಕದ ಹಗಲಿಗೆ ಸರಿಯಾಗಿ ಇಲ್ಲಿ ರಾತ್ರಿಯಿಡೀ ದುಡಿಯುವ ಕೆಲಸ. ಬೆಳಿಗ್ಗೆ ಆರೂವರೆಗೆ ಕಂಪನಿಯ ಗಾಡಿ ಅವಳನ್ನು ಇಳಿಸಿ ಹೋಗುತ್ತಿತ್ತು. ಮಲಗುವ ಮೊದಲು ಆ ಹುಡುಗಿ ಬಾಲ್ಕನಿಗೆ ಬಂದು ಫ್ರಿಜ್ಜಿನ ನೀರಿನ ಬಾಟಲಿಯನ್ನು ನಮ್ಮ ಸ್ಲ್ಯಾಬಿಗೆ ಎಸೆಯುತ್ತಿದ್ದಳು. ಸಾಬಮ್ಮ ಸೆರಗೊಡ್ಡಿ ಹಿಡಿಯುತ್ತಿದ್ದಳು. ಕುಡಿದು ಖಾಲಿ ಬಾಟಲಿಯನ್ನು ವಾಪಸು ಎಸೆಯುವುದು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. "ಊರ ತುಂಬ ನೀರ ಹೊಡಿಯಾಕಿ ನಾನು, ನನಗ ನೀರ ಕೊಟ್ಟಾಕಿ ಆಕಿ ಒಬ್ಬಾಕೀನ" ಎಂದು ಸಾಬಮ್ಮ ಆಕೆಯನ್ನು ಮೂರನೇ ಮಾಳಿಗೆಯ ಮಗಳು ಎಂದೇ ಕರೆಯುತ್ತಿದ್ದಳು.

ನಾನು ಸೇರಿ ಎರಡು ತಿಂಗಳಾಗಿತ್ತು. ಒಂದು ಮಧ್ಯಾಹ್ನ ಊರಿಂದ ಮರಳಿದ ಗೆಳತಿ ಬಾಗಿಲು ತೆಗೆದಾಗ ಆ ಹುಡುಗಿ ಕೊಲೆಯಾಗಿ ಬಿದ್ದಿದ್ದಳು.

ಆಮೇಲಿನದು ಹೈದರಾಬಾದಿಗೆಲ್ಲ ಗೊತ್ತು. ಟಿವಿಯವರು ದಿನವಿಡೀ ಸುದ್ದಿ ಹೇಳುವುದನ್ನು ಆಗಷ್ಟೇ ಕಲಿತಿದ್ದರು. ಅವರಿಗೆ ಹಬ್ಬವೋ ಹಬ್ಬ. ನಮ್ಮ ಮರಳಿನ ಗುಡ್ಡೆಯ ಮೇಲೆ ಕ್ಯಾಮೆರಾ ನಿಲ್ಲಿಸಿ "ಮೂರನೇ ಮಹಡಿಯ ಕೊಲೆ" ಎಂದು ಹೆಸರಿಟ್ಟು, ದಿನಕ್ಕೊಬ್ಬನನ್ನು ಕೊಲೆಗಾರನನ್ನಾಗಿ ಮಾಡಿದರು. ಪೊಲೀಸರು ನೂರಾರು ಜನರನ್ನು ವಿಚಾರಿಸಿದರು. ಆದರೆ ಕೊಲೆಯ ದಿನ ಆ ಮನೆಯಲ್ಲಿ ಒಬ್ಬ ಗಂಡಸನ್ನು ಕಣ್ಣಾರೆ ಕಂಡವಳು ಸಾಬಮ್ಮ ಒಬ್ಬಳೇ.

ಮಾರನೆಯ ದಿನ ಅವಳೇ ಬಂದು ನನಗೆ ಹೇಳಿದಳು. ಮಾತು ಸರಿಯಾಗಿ ಹೊರಡುತ್ತಿರಲಿಲ್ಲ. "ಬಾಲ್ಕನ್ಯಾಗ ನಿಂತಿದ್ದರಿ. ನೀಲಿ ಅಂಗಿ. ಎಡಗೈಲೆ ನಳ ತಿರಿವಿ ಕೈ ತೊಳ್ಕೊಂಡ. ಆಮ್ಯಾಲ ಆಕಿ ನನಗಂತ ಇಟ್ಟು ಅವತ್ತ ಒಗೀದ ಬಿಟ್ಟಿದ್ದ ಬಾಟ್ಲಿ ಎತ್ತಿ ಗಟಗಟ ಕುಡದ. ನನ್ನ ನೋಡಿ ನಕ್ಕನ್ರಿ. ನಾ ಆಕಿ ಅಣ್ಣ ಇರಬೇಕಂತ ತಿಳ್ಕೊಂಡು ನಾನೂ ನಕ್ಕೀನಿ ಬಾಯಾರ. ನಾನೂ ನಕ್ಕೀನಿ." ಈ ಕೊನೆಯ ಮಾತನ್ನು ಅವಳು ಅದೆಷ್ಟು ಸಲ ಹೇಳಿದಳೋ.

ಅವಳನ್ನು ಕರೆದುಕೊಂಡು ಠಾಣೆಗೆ ಹೋದೆ. ಅಲ್ಲಿ ಕನ್ನಡ ಬಲ್ಲವರಿಲ್ಲ. ಇನ್ಸ್‌ಪೆಕ್ಟರ್ ನನ್ನನ್ನೇ ನಡುವೆ ಕೂರಿಸಿದರು. ಅವರು ತೆಲುಗಿನಲ್ಲಿ ಕೇಳುವುದು, ನಾನು ಕನ್ನಡದಲ್ಲಿ ಕೇಳುವುದು, ಅವಳು ಹೇಳಿದ್ದನ್ನು ತೆಲುಗಿಗೆ ತಿರುಗಿಸುವುದು, ರೈಟರ್ ಬರೆದುಕೊಳ್ಳುವುದು. ಇಪ್ಪತ್ತೆರಡು ವರ್ಷಕ್ಕೆ ಠಾಣೆಯ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಯಾವಾಗ ನೋಡಿದ್ದು ಎಂದು ಕೇಳಿದರು.

"ಮುಂಜಾನಿರಿ. ಮುಂಜಾನಿ ನೀರ ಹೊಡಿಯೂ ಮುಂದ" ಎಂದಳು ಸಾಬಮ್ಮ. ಆಮೇಲೆ ಗೋಣಿತಾಟು, ಟ್ಯಾಂಕಿನಲ್ಲಿ ನೀರು ಕಡಿಮೆ ಇದ್ದದ್ದು, ಪೈಪಿನ ಬಾಯಿ ಒಡೆದದ್ದು ಎಂದು ಏನೇನೋ ಸೇರಿಸಿದಳು. ಇನ್ಸ್‌ಪೆಕ್ಟರ್ ಗಡಿಯಾರ ನೋಡಿಕೊಂಡರು. ಇದೆಲ್ಲ ಬೇಡದ ಮಾತು ಎಂದು ನಾನೇ ಕತ್ತರಿಸಿ, "ತೆಲ್ಲವಾರುಜಾಮುನ ಸರ್" ಎಂದೆ. ಬೆಳಗಿನ ಜಾವ ಎನ್ನುವುದಕ್ಕೆ ತೆಲುಗಿನಲ್ಲಿ ಹಾಗೆ ಹೇಳುತ್ತಾರೆ. ಎಷ್ಟು ಗಂಟೆ ಎಂದರು. "ಗಂಟಿ ನನಗೇನ ಗೊತ್ರಿ?" ಎಂದಳು ಸಾಬಮ್ಮ. ನಾನೇ ಅಂದಾಜು ಮಾಡಿ ಐದು, ಐದೂವರೆ ಇರಬಹುದು ಎಂದೆ. ರೈಟರ್ ಬರೆದ, ಸಾಬಮ್ಮ ಹೆಬ್ಬೆಟ್ಟು ಒತ್ತಿದಳು. ಹೊರಗೆ ಬಂದು ಅವಳಿಗೆ ಚಹಾ ಕುಡಿಸಿದೆ, ದೊಡ್ಡ ಕೆಲಸ ಮಾಡಿದವಳ ಹಾಗೆ.

ಹತ್ತು ದಿನಕ್ಕೆ ಇನ್ಸ್‌ಪೆಕ್ಟರ್ ನನ್ನನ್ನು ಕರೆಸಿ ಉಗಿದರು. "ಅಮ್ಮಾಯಿ ಇಂಟಿಕೇ ರಾಲೇದು, ಈ ಮುಸಲಿದಿ ಎವರಿನಿ ಚೂಸಿಂದಿ?" ಐದೂವರೆಗೆ ಆ ಹುಡುಗಿ ಮನೆಗೇ ಬಂದಿರಲಿಲ್ಲ, ಈ ಮುದುಕಿ ಯಾರನ್ನು ಕಂಡಳು, ಕುಡಿದು ಬಂದಿದ್ದಳೇ ಎಂದು. ಕಂಪನಿಯ ಗಾಡಿಯ ಪುಸ್ತಕದಲ್ಲಿ ಆರೂವರೆ ಎಂದು ಬರೆದಿತ್ತು. ನಾನು ಮುಖ ಕೆಂಪಗೆ ಮಾಡಿಕೊಂಡು ನೇರವಾಗಿ ಸ್ಲ್ಯಾಬಿಗೆ ಹತ್ತಿದೆ. "ಮುಂಜಾನೆ ಅಂದಿದ್ದೆಯಲ್ಲ, ಆ ಕತ್ತಲಲ್ಲಿ ನೀಲಿ ಅಂಗಿ ಹೇಗೆ ಕಂಡಿತು?" ಎಂದು ಅವಳನ್ನೇ ದಬಾಯಿಸಿದೆ.

ಸಾಬಮ್ಮ ನನ್ನ ಮುಖವನ್ನೇ ನೋಡಿದಳು. "ಯಾ ಕತ್ತಲಿರಿ? ಮುಂಜಾನಿ ಅಂದ್ರ ಕತ್ತಲಿ ಯಾಕ ಇರ್ತೈತಿ? ಕತ್ತಲ್ಯಾಗ ಹೊಡಿಯೂದು ನಸಕಿನ ನೀರ. ರೊಟ್ಟಿ ತಿಂದ ಮ್ಯಾಲ, ಬಿಸಲ ಏರಿದ ಮ್ಯಾಲ ಹೊಡಿಯೂದು ಮುಂಜಾನಿ ನೀರ. ಹೊತ್ತ ಇಳದ ಮ್ಯಾಲ ಇಳಿಹೊತ್ತಿನ ನೀರ. ಮೂರ ನೀರು. ಎರಡನೇ ನೀರಿಗೆ ಅಂವ ನಿಂತಿದ್ದ."

ಅವಳು ರೊಟ್ಟಿ ತಿನ್ನುವುದು ಒಂಬತ್ತಕ್ಕೆ. ನನ್ನ ಅಮ್ಮನ ಕನ್ನಡದಲ್ಲಿ ಮುಂಜಾನೆ ಎಂದರೆ ಕೋಳಿ ಕೂಗುವ ಹೊತ್ತು. ಅವಳ ಸೀಮೆಯಲ್ಲಿ ಮುಂಜಾನೆ ಎಂದರೆ ನಮ್ಮ ಬೆಳಿಗ್ಗೆ, ಹತ್ತು ಗಂಟೆಯಾದರೂ ಮುಂಜಾನೆಯೇ. ಅವಳು ಬೇಡದ ಮಾತೇನೂ ಆಡಿರಲಿಲ್ಲ. ನಾನು ಕತ್ತರಿಸಿ ಎಸೆದದ್ದರಲ್ಲೇ ಗಂಟೆಯಿತ್ತು.

"ಹಂಗಾರ ಆ ಬರಿಯಾಂವ ತಪ್ಪ ಬರದಾನ್ರಿ!" ಎಂದಳು ಸಾಬಮ್ಮ. "ಅವನ ಕೈ ಸೇದಿ ಹೋಗಲಿ. ಆ ಹುಡುಗಿ ಶಾಪ ತಟ್ಟಲಿ ಅವಗ."

ನಾನು "ಹೂಂ" ಎಂದೆ. ಬರೀ ಹೂಂ. ಇವತ್ತು ಆ ಹೂಂ ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕೆನಿಸುತ್ತದೆ.

ಮತ್ತೆ ಠಾಣೆಗೆ ಹೋದೆವು. ಅಲ್ಲಿಯೂ "ತಪ್ಪು ನನ್ನದು" ಎಂದು ಬಾಯಿ ಬಿಡಲಿಲ್ಲ. ಕೊಲೆ ಕೇಸಿನಲ್ಲಿ ತಪ್ಪು ಹೇಳಿದವಳೆಂದು ನನ್ನನ್ನೇ ಒಳಗೆ ಹಾಕಿದರೆ, ಕೆಲಸ ಹೋದರೆ, ಅಪ್ಪನಿಗೆ ತಿಳಿದರೆ ಎಂಬ ಹೆದರಿಕೆ. "ಈಗ ಒಂಬತ್ತೂವರೆ ಅನ್ನುತ್ತಿದ್ದಾಳೆ ಸರ್" ಎಂದೆ. ಇನ್ಸ್‌ಪೆಕ್ಟರ್ ನಕ್ಕರು. ಅವತ್ತು ಐದೂವರೆ, ಇವತ್ತು ಒಂಬತ್ತೂವರೆ, ನಾಳೆ ಸಂಜೆ ಎನ್ನುತ್ತಾಳೆಯೇ ಎಂದರು. ಬೇಕಾದರೆ ಅರ್ಜಿ ಕೊಡಿ ಎಂದರು. 'ಸಾಕ್ಷಿಯು ಸಮಯದ ಬಗ್ಗೆ ಈಗ ಬೇರೆ ಹೇಳಿಕೆ ನೀಡುತ್ತಿದ್ದಾರೆ' ಎಂದು ಬರೆದುಕೊಟ್ಟೆ. ಮಾತು ಬದಲಿಸಿದವಳು ಅವಳು ಎಂದು ನನ್ನ ಕೈಯಾರೆ ಬರೆದೆ. ಪಕ್ಕದಲ್ಲೇ ನಿಂತಿದ್ದ ಸಾಬಮ್ಮ, ಓದು ಬಾರದವಳು, "ಚಂದಾಗಿ ಬರೀರಿ ಬಾಯಾರ" ಎಂದಳು.

ಆಮೇಲೆ ಶುರುವಾಯಿತು ನೋಡಿ. ಆ ಕಟ್ಟಡ ಮುಗಿದು ಇನ್ನೊಂದಕ್ಕೆ ಹೋದೆವು, ಅದು ಮುಗಿದು ಮತ್ತೊಂದಕ್ಕೆ. ಸಾಬಮ್ಮ ಬಿತ್ತನೆಗೆ ಊರಿಗೆ ಹೋಗಿ ಬರುವಳು, ಬಂದು ಗಂಟು ಇಳಿಸುವ ಮೊದಲೇ, "ಆ ಅಕ್ಷರ ತಿದ್ದಿದ್ರೇನ್ರಿ?" ಎಂದು ಕೇಳುವಳು. ನಾನು ಠಾಣೆಗೆ ಹೋದರೆ ಇನ್ಸ್‌ಪೆಕ್ಟರ್ ವರ್ಗವಾಗಿರುವರು, ಫೈಲು ಇನ್ನೊಂದು ಆಫೀಸಿಗೆ ಹೋಗಿರುವುದು, ಅಲ್ಲಿಗೆ ಹೋದರೆ ಮೊದಲಿನ ಠಾಣೆಗೇ ಹೋಗಿ ಎನ್ನುವರು. ಮೂರು ವರ್ಷ ನಾನು ಹೀಗೆ ಗಾಣದೆತ್ತಿನಂತೆ ಸುತ್ತಿದೆ. ಸುತ್ತಿದ್ದೂ ಅರ್ಧ ಮನಸ್ಸಿನಿಂದಲೇ. ನಿಜ ಹೇಳದೆ ಎಷ್ಟು ಸುತ್ತಿದರೇನು? ಕೆಲವೊಮ್ಮೆ ಅವಳ ಮೇಲೆಯೇ ಸಿಟ್ಟು ಬರುತ್ತಿತ್ತು. "ಬಿಡು ಸಾಬಮ್ಮ, ಅವನು ಇನ್ನು ಸಿಗೋದಿಲ್ಲ" ಎಂದರೆ, "ಊರಿಗೆ ಬಂದಾಂವ ನೀರಿಗೆ ಬರದೇ ಇರ್ತಾನೇನ್ರಿ? ಎಡಗೈಲೆ ನಳ ತಿರುವಾಂವ ಎಲ್ಯರ ಸಿಕ್ಕ ಸಿಗ್ತಾನ" ಎನ್ನುವಳು. ಹೊಸ ಸೈಟಿನಲ್ಲಿ ಯಾರೇ ನಲ್ಲಿಗೆ ಬಂದರೂ ಅವರ ಕೈಯನ್ನೇ ನೋಡುತ್ತ ನಿಲ್ಲುತ್ತಿದ್ದಳು. ಒಮ್ಮೆ ಎಡಚನಾದ ಒಬ್ಬ ಪ್ಲಂಬರನ ಹಿಂದೆ ವಾರವಿಡೀ ತಿರುಗಿದ್ದಕ್ಕೆ ಅವನ ಹೆಂಡತಿ ಇವಳೊಂದಿಗೆ ಜಗಳಕ್ಕೆ ಬಂದಿದ್ದಳು.

ಅಷ್ಟರಲ್ಲಿ ಸಿನಿಮಾದವರು ಬಂದರು. ಮೂರನೇ ಮಹಡಿಯ ಕೊಲೆಯನ್ನೇ ಕಥೆ ಮಾಡುತ್ತಾರಂತೆ. ಸಹಾಯಕ ನಿರ್ದೇಶಕರೊಬ್ಬರು ನಮ್ಮನ್ನು ಹುಡುಕಿಕೊಂಡು ಸೈಟಿಗೇ ಬಂದು, ಸಿಮೆಂಟು ಚೀಲದ ಮೇಲೆ ಕೂತು ಎಲ್ಲ ಕೇಳಿಸಿಕೊಂಡರು. ಸಾಬಮ್ಮನಿಗೆ ಜೀವ ಬಂದಂತಾಯಿತು. ಮೂರೂ ನೀರಿನ ಹೆಸರು ಹೇಳಿದಳು, ಎಡಗೈಯಿಂದ ನಲ್ಲಿ ತಿರುವಿ ತೋರಿಸಿದಳು. ನಾನು ಈ ಸಲ ಒಂದಕ್ಷರವನ್ನೂ ಬಿಡದೆ ತೆಲುಗಿಗೆ ತಿರುಗಿಸಿದೆ. "ಇದು ಜನ ಎಲ್ಲಾ ನೋಡ್ತಾರಲ್ರಿ? ಪೊಲೀಸರೂ ನೋಡ್ತಾರಲ್ರಿ?" ಎಂದು ಅವಳು ಎರಡೆರಡು ಸಲ ಕೇಳಿದಳು. ಅವರು ನೋಡುತ್ತಾರೆ ಎಂದರು.

ಎಲ್ಲರೂ ನೋಡಿದರು. ನೂರು ದಿನ ಓಡಿತು. ಅದರಲ್ಲಿ ನತ್ತು ಹಾಕಿದ, ಸದಾ ಕುಡಿದಿರುವ ಕೂಲಿ ಮುದುಕಿಯೊಬ್ಬಳಿದ್ದಳು. ನಸುಕಿನಲ್ಲಿ ದೆವ್ವ ಕಂಡೆ ಎಂದು ಠಾಣೆಯಲ್ಲಿ ಕುಣಿದು ಜನರನ್ನು ನಗಿಸುವುದೇ ಅವಳ ಪಾತ್ರ. ಹಳೆಯ ಹೇಳಿಕೆಯ ಕಾಗದ ಎಲ್ಲಿಂದಲೋ ಅವರ ಕೈಗೆ ಸಿಕ್ಕಿತ್ತು. ಅವರಿಗೆ ಬೇಕಾದದ್ದು ಅದೇ ಆಗಿತ್ತು. ಕೊನೆಗೆ ಹೀರೋ ಕೊಲೆಗಾರನನ್ನು ಹಿಡಿದು ಕಟ್ಟಡದ ಮೇಲಿಂದ ಎಸೆಯುತ್ತಾನೆ. ಅಲ್ಲಿಂದ ಮುಂದೆ ನಾನು ಯಾರಿಗೆ ಕೇಸಿನ ಮಾತೆತ್ತಿದರೂ, "ಅದರ ಕೊಲೆಗಾರ ಸಿಕ್ಕಿದನಲ್ಲ?" ಎನ್ನತೊಡಗಿದರು. ಓದಿದವರೂ ಹಾಗೇ ಅಂದರು. ಒಬ್ಬ ಪೇದೆಯೂ ಅಂದ! ಯಾರ ತಲೆಗೆ ನನ್ನ ತಲೆ ಚಚ್ಚಿಕೊಳ್ಳಲಿ?

ಸಾಬಮ್ಮ ಅದನ್ನು ಕೂಲಿಯವರ ಶೆಡ್ಡಿನ ಟಿವಿಯಲ್ಲಿ ನೋಡಿದಳಂತೆ. ಶೆಡ್ಡಿನವರೆಲ್ಲ "ದೆವ್ವದ ಸಾಬವ್ವ" ಎಂದು ಹೆಸರಿಟ್ಟರು. ಅವಳು ಜಗಳವಾಡುತ್ತಾಳೆಂದುಕೊಂಡಿದ್ದೆ. ಸುಮ್ಮನೆ ಪೈಪು ಸುತ್ತುತ್ತ, "ನನಗ ಏನರ ಅನ್ಲಿ ಬಿಡ್ರಿ. ಆ ಹುಡುಗಿ ಬಾಟ್ಲಿ ಒಗಿಯೂದ ಒಂದರ ತೋರಸ್ಬೇಕಿತ್ತಿಲ್ಲೋ? ಪಿಚ್ಚರದಾಗ ಅವನ್ನ ಹಿಡದ್ರು. ಖರೇನ ಕೊಂದಾಂವ ಎಲ್ಲಿ ಕೈ ತೊಳ್ಕೊಳ್ಳಾಕತ್ತಾನೋ" ಎಂದಳು. ಅವತ್ತು ಮೊದಲ ಸಲ ಅವಳು ಅಕ್ಷರ ತಿದ್ದಿದಿರಾ ಎಂದು ಕೇಳಲಿಲ್ಲ.

ಮರುವರ್ಷ ಅವಳಿಗೆ ದಮ್ಮು ಹಿಡಿಯಿತು. ಸಿಮೆಂಟಿನ ಧೂಳು ಎಂದರು ಡಾಕ್ಟರು. ಊರಿಗೆ ಹೋಗಿಬಿಡುತ್ತೇನೆ ಎಂದಳು. ಲಿಂಗಂಪಲ್ಲಿ ಸ್ಟೇಷನ್ನಿಗೆ ಬಿಡಲು ನಾನು ಹೋದೆ. ರೈಲು ಒಂದು ಗಂಟೆ ತಡ. ಬೆಂಚಿನ ಮೇಲೆ ಕೂತು ಅವಳು ಉಸಿರಿಗೊಮ್ಮೆ ನಿಲ್ಲಿಸುತ್ತ ಮಾತಾಡಿದಳು. ಮಾತು ಸುತ್ತಿ ಸುತ್ತಿ ಅಲ್ಲಿಗೇ ಬಂತು. ಆ ರೈಟರನ ಕೈಗೆ, ಕಣ್ಣಿಗೆ, ಮನೆತನಕ್ಕೆ ಮತ್ತೆ ಶಾಪ ಹಾಕಿದಳು. ನನಗೆ ತಡೆಯಲಾಗಲಿಲ್ಲ.

"ಬರೆದವನದು ತಪ್ಪಲ್ಲ ಸಾಬಮ್ಮ. ನಾನು ತಪ್ಪು ಹೇಳಿದ್ದು. ನಿನ್ನ ಮುಂಜಾನೆಯನ್ನು ನಾನು ನಸುಕು ಎಂದುಕೊಂಡೆ. ಆಮೇಲೆ ಅರ್ಜಿಯಲ್ಲೂ ನಿನ್ನ ಮೇಲೆಯೇ ಹಾಕಿದೆ."

ಬೈಯಲಿ, ಕೆನ್ನೆಗೆ ಹೊಡೆಯಲಿ ಎಂದು ನಾನು ಕಾದೆ.

"ಹಂಗಾರ ಇಷ್ಟ ವರ್ಷ ನಾ ಬೈದದ್ದೆಲ್ಲಾ ಆ ಬರಿಯಾಂವಗ ತಟ್ಟಿದ್ರ ಹ್ಯಾಂಗ್ರಿ?" ಎಂದಳು. "ಅಂವಗೂ ಮಕ್ಕಳು ಮರಿ ಇರ್ತಾವು. ಏನೂ ಅರಿಯದಾಂವಗ ಕೈ ಸೇದಲಿ ಅಂದೀನಲ್ಲ ಯವ್ವಾ." ಅವಳ ಕಣ್ಣಲ್ಲಿ ನೀರು ಬಂತು. ನನ್ನ ಮೇಲಿನ ಸಿಟ್ಟಿಗೆ ಬಂದಿದ್ದರೆ ನಾನು ಹೇಗೋ ಸಹಿಸುತ್ತಿದ್ದೆ.

ರೈಲು ಬಂತು. ಗಂಟು ಒಳಗಿಟ್ಟು, ಕಿಟಕಿಯಿಂದ ನನ್ನ ಕೈ ಹಿಡಿದುಕೊಂಡಳು. "ನೀವ ಹೋಗಿ ಹೇಳ್ರಿ. ಈಗ ನನ್ನ ಮಾತ ಅಲ್ಲ, ನಿಮ್ಮ ಮಾತ ಅದಕ್ಕ ಬೇಕಾಗೇತಿ. ಅವರು ಕರದ್ರ ಫೋನ್ ಮಾಡ್ರಿ. ಹೊತ್ಕೊಂಡ ಬಂದ್ರೂ ಬರ್ತೀನಿ." ಮಗ ಮಲ್ಲಪ್ಪನ ನಂಬರನ್ನು ನನ್ನ ಡೈರಿಯಲ್ಲಿ ಬರೆಸಿದಳು. ನನ್ನ ನಂಬರು ಬರೆದ ಚೀಟಿಯನ್ನು ಎಲೆಅಡಿಕೆಯ ಚೀಲದಲ್ಲಿ ಇಟ್ಟುಕೊಂಡಳು.

ನಾನು ಮರುದಿನವೇ ಠಾಣೆಗೆ ಹೋಗಬೇಕಿತ್ತು. ನಾಳೆ ಸ್ಲ್ಯಾಬ್ ಹಾಕುವುದಿತ್ತು, ನಾಡಿದ್ದು ಇನ್ನೇನೋ. ಇವೆಲ್ಲ ನೆಪ, ನಾಚಿಕೆಯೇ ನಿಜವಾದ ಕಾರಣ. ಹೋಗುವ ಹೊತ್ತಿಗೆ ನಾಲ್ಕು ತಿಂಗಳಾಗಿತ್ತು. ಹೊಸ ಇನ್ಸ್‌ಪೆಕ್ಟರ್ ಕೂರಿಸಿ, ನೀರು ಕೊಟ್ಟು, ನಾನು ಹೇಳಿದ್ದನ್ನೆಲ್ಲ ಕೇಳಿದರು. ಬೈಯಲಿಲ್ಲ. ಒಳಗಿನಿಂದ ಫೈಲು ತರಿಸಿ, ಹೇಳಿಕೆಯ ಹಾಳೆ ತೆಗೆದು, 'ತೆಲ್ಲವಾರುಜಾಮು' ಎಂಬ ಮಾತಿನ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದರು. ಒಂಬತ್ತೂವರೆ ಎಂದಾದರೆ ಆ ಹೊತ್ತಿಗೆ ತಾನು ಬೇರೆಲ್ಲೋ ಇದ್ದೆ ಎಂದು ತೋರಿಸಲಾಗದವರು ಇಬ್ಬರಿದ್ದಾರೆ ಎಂದರು. ಒಬ್ಬ ಎಡಚ. ಸಾಕ್ಷಿಯನ್ನು ಕರೆಸಿ, ಕನ್ನಡ ಬಲ್ಲ ಇನ್ನೊಬ್ಬರನ್ನು ಕೂರಿಸಿ ಹೊಸದಾಗಿ ಹೇಳಿಕೆ ಬರೆಸಿಕೊಳ್ಳುತ್ತೇನೆ ಎಂದರು. ನನಗೆ ಅಲ್ಲೇ ಅಳು ಬಂತು. ನಾಲ್ಕು ವರ್ಷದಲ್ಲಿ ನಾನು ಒಂದು ನಿಜ ಹೇಳಿದ್ದರೆ ಸಾಕಿತ್ತು.

ಅವರೆದುರಿಗೇ ಫೋನ್ ಮಾಡಿದೆ. ಮಲ್ಲಪ್ಪ ಎತ್ತಿದ.

"ಅವ್ವ ಹೋಗಿ ಎರಡ ತಿಂಗಳಾತ್ರಿ" ಎಂದ. "ನಿಮಗ ಹೇಳಬೇಕಂದ್ರ ಆ ಚೀಟಿ ನೀರಾಗ ತೊಯ್ದಿತ್ರಿ, ನಂಬರ ಅಳಿಸಿತ್ತ. ದಿನಾ ಕೇಳ್ತಿದ್ಳರಿ, ಹೈದ್ರಾಬಾದಿಂದ ಬಾಯಾರ್ದು ಫೋನ್ ಬಂತೇನಂತ. ಬರ್ತೈತಿ ಬಿಡಬೇ ಅಂತಿದ್ವಿ. ಏನರ ಕೆಲಸ ಇತ್ತೇನ್ರಿ?"

ಏನಿಲ್ಲಪ್ಪಾ ಎಂದೆ. ಇನ್ಸ್‌ಪೆಕ್ಟರ್ ಹೊಸ ಹಾಳೆಯನ್ನು ಮೇಜಿನ ಮೇಲೆ ಹಾಸಿ, ಪೆನ್ನು ತೆಗೆದು ಕಾಯುತ್ತಿದ್ದರು.

"ಎಪ್ಪುಡೊಸ್ತಾರಮ್ಮಾ?" ಎಂದರು, ಯಾವಾಗ ಬರುತ್ತಾರೆ ಎಂದು.

"ರಾರು ಸರ್" ಎಂದೆ. ಬರುವುದಿಲ್ಲ.

ಅವರು ಪೆನ್ನಿನ ಮುಚ್ಚಳ ಹಾಕಿದರು.